ದೊಡ್ಡವ್ವನ ಕುರಿ ಹತ್ತದ ಗುಡ್ಡ

ನಾನು ಹುಟ್ಟಿದ ದಿನ ನನ್ನ ಅಳು ಕೇಳಿ ಪಕ್ಕದ ಬಾಣಂತಿ ಮಂಚದ ಸಮೇತ ಬೇರೆ ವಾರ್ಡಿಗೆ ಹೋದಳೆಂದು ಎಲ್ಲರಿಗೂ ಹೇಳುತ್ತೇನೆ. ಅದು ಸುಳ್ಳು ಎಂದು ಅವ್ವ ಹೇಳುತ್ತಾಳೆ. ಮಂಚದ ಮಟ್ಟಿಗೆ ಸುಳ್ಳು ಎಂದು ನಾನೂ ಒಪ್ಪುತ್ತೇನೆ. ಈಗ ಪಿಯುಸಿಗೆಂದು ದಿನಾ ಬಸ್ಸಿನಲ್ಲಿ ಕೂಡ್ಲಿಗಿಗೆ ಓಡಾಡುವಾಗ ನನ್ನ ಮಾತು ಕೇಳಲು ಸುತ್ತ ಹತ್ತು ಜನ ನಿಂತಿರುತ್ತಾರೆ. ಸೀಟು ಸಿಗದ್ದಕ್ಕೆ ನಿಂತಿರುತ್ತಾರೆ ಅನ್ನುವುದು ಕಂಡಕ್ಟರನ ವಾದ. ಇಷ್ಟು ಬಾಯಿ ಇರುವವನು, ಬಾಯಿ ತೆರೆಯಲೇಬೇಕಾಗಿದ್ದ ಒಂದು ದಿನ ತೆರೆಯಲಿಲ್ಲ. ಬಸ್ಸಿನಲ್ಲಿ ನಾನು ಹೇಳದೆ ಉಳಿಸಿಕೊಂಡಿರುವುದು ಅದೊಂದನ್ನೇ.

ನಮ್ಮೂರು ಗುಡೇಕೋಟೆಗೆ ಹೋಗುವ ದಾರಿಯಲ್ಲಿದೆ. ಊರ ಬೆನ್ನಿಗೊಂದು ಗುಡ್ಡ. ಮಳೆ ಬಂದರೆ ನೀರು ಬಂಡೆಗಳ ಮೇಲೆ ಜಾರಿ, ಹಳ್ಳಕ್ಕೆ ಬಿದ್ದು, ನಾವು ಚಪ್ಪಲಿ ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ಊರು ದಾಟಿರುತ್ತಿತ್ತು. ಗುಡ್ಡದ ಪಡುವಣ ಇಳಿಜಾರಿನಲ್ಲಿ ಮಾತ್ರ ಒಂದಿಷ್ಟು ಮಣ್ಣು, ಆ ಮಣ್ಣಿನಲ್ಲಿ ಒಂದಿಷ್ಟು ಹುಲ್ಲು. ಹುಲ್ಲು ಹೊರಗೆ ಹೇಗಿದೆಯೆಂದು ನೋಡಲು ತಲೆ ಎತ್ತಿದರೆ ಸಾಕು, ಎದುರಿಗೆ ಕುರಿಯ ಹಲ್ಲು.

ನಾನು ಒಂಬತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಬಂದು ಊರ ಕಟ್ಟೆಯ ಮೇಲೆ ಸಭೆ ಮಾಡಿದರು.

"ನೋಡ್ರಿ, ಹವಾಮಾನ ಮೊದಲಿನಂಗ ಇಲ್ಲ. ಮಳಿ ಬಂದ್ರ ಒಮ್ಮೆಲೇ ಸುರಿತೈತಿ, ಇಲ್ಲಾಂದ್ರ ತಿಂಗಳಗಟ್ಟಲೆ ಮಾರಿ ತೋರಸಂಗಿಲ್ಲ. ಸಿಮೆಂಟಿನ ಕಟ್ಟಿ ಎಷ್ಟಂತ ಕಟ್ಟೋದು? ಗುಡ್ಡಕ್ಕ ಹುಲ್ಲು ಬಂತು, ಗಿಡ ಬಂತು ಅಂದ್ರ ಆ ಬೇರ ನೀರು ಹಿಡಿತಾವ. ಅದಕ್ಕ ಸರ್ಕಾರ ಖರ್ಚು ಕೊಡ್ತೈತಿ."

ಸರ್ಕಾರದ ಕಡೆಯಿಂದ ಗುಡ್ಡಕ್ಕೆ ಕಂದಕ, ಕಲ್ಲಿನ ಒಡ್ಡು, ಸಸಿ, ಕಾಯಲು ಒಬ್ಬ ವಾಚರ್. ಅಗೆಯುವ ಕೂಲಿಯೂ ಊರಿನವರಿಗೇ. ಊರಿನ ಕಡೆಯಿಂದ ಒಂದೇ ಮಾತು: ಮೂರು ಮಳೆಗಾಲ ಆ ಇಳಿಜಾರಿಗೆ ಒಂದು ಕುರಿಯೂ ಹತ್ತಬಾರದು. ಪ್ರತಿ ವರ್ಷ ದೀಪಾವಳಿ ಆದ ಮೇಲೆ ಹುಲ್ಲು ಕೊಯ್ದು ಕುರಿ ಇದ್ದ ಮನೆಗಳಿಗೆ ಪಾಲು ಹಂಚುವುದು.

ಕುರಿ ಇದ್ದವರೆಲ್ಲ ಎದ್ದು ಪಂಚೆ ಝಾಡಿಸಿದರು. ಎದ್ದೇಳದೆ ಕೂತವಳು ದೊಡ್ಡವ್ವ ಒಬ್ಬಳೇ.

ದೊಡ್ಡವ್ವ ಎಂದರೆ ಅವ್ವನ ಅಕ್ಕ. ಮನೆಯ ಹಿಂದೆ ಮುಳ್ಳುಬೇಲಿಯ ರೊಪ್ಪದಲ್ಲಿ ಅವಳ ನಲವತ್ತು ಕುರಿ. ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು, ನನ್ನನ್ನು ಮಾತ್ರ 'ಲೇ' ಅನ್ನುತ್ತಿದ್ದಳು. ಪ್ರತಿ ಬೇಸಿಗೆಗೂ ಮೇವಿಲ್ಲದೆ ಕುರಿ ಹೊಡೆದುಕೊಂಡು ಹಡಗಲಿ ತಾಲ್ಲೂಕಿನ ಇಟ್ಟಿಗಿ ಕಡೆ ಹೋಗುವುದು, ಕೊಯ್ಲಾದ ಹೊಲಗಳಲ್ಲಿ ಮೇಯಿಸಿಕೊಂಡು ಹೊಲದಿಂದ ಹೊಲಕ್ಕೆ ಅಲೆಯುವುದು, ಮುಂಗಾರಿಗೆ ವಾಪಸು ಬರುವುದು ಅವಳ ಬದುಕು. ಆ ವರ್ಷ ಮೊಣಕಾಲು ಊದಿಕೊಂಡು ಅವಳು ಇನ್ನೂ ಹೊರಟಿರಲಿಲ್ಲ. ಗುಡ್ಡದಲ್ಲಿ ಹುಲ್ಲು ಬಂದರೆ ಮುಂದಿನ ಬೇಸಿಗೆಗೆ ಊರಲ್ಲೇ ಇರಬಹುದು, ಬರದಿದ್ದರೆ ಆ ಕಾಲಲ್ಲೇ ನಡೆಯಬೇಕು.

"ಸಾಹೇಬ್ರ, ಮಾತು ಬಾಳ ಚಂದ ಅದಾವ," ಅಂದಳು. "ಹುಲ್ಲು ಬರ್ತೈತೋ ಇಲ್ಲೋ, ಅಷ್ಟ ಹೇಳ್ರಿ."

"ಕುರಿ ಬಿಡಲಿಲ್ಲಂದ್ರ ಬಂದ ಬರ್ತೈತಮ್ಮ."

"ಹಂಗಾರ ನಾಳಿಂದ ನನ್ನ ಕುರಿ ಹತ್ತಂಗಿಲ್ಲ."

ನಮ್ಮ ಓಣಿಯ ಕಾಕಾ ಒಬ್ಬ, ಅವಳಿಗಿಂತ ದೊಡ್ಡ ಹಿಂಡಿನವನು, ನಕ್ಕ. "ಯಕ್ಕಾ, ಅಲ್ಲೀಮಟ ಕುರಿಗೆ ಏನು ಸಾಹೇಬ್ರ ಭಾಷಣ ತಿನ್ನಸ್ತೀಯ?"

"ನೀ ಎಲೆಕ್ಷನ್ ಬಂದಾಗಲೆಲ್ಲ ಅದನ್ನ ತಿಂದು ಎಷ್ಟು ದಪ್ಪ ಆಗಿಲ್ಲ? ಅವೂ ಆಗ್ತಾವ ಬಿಡೋ."

ಸಾಹೇಬರೂ ನಕ್ಕರು. ಎದ್ದವರು ಒಬ್ಬೊಬ್ಬರಾಗಿ ಮತ್ತೆ ಕೂತರು. ಕಾಕಾ ಕೊನೆಗೆ ಕೂತ, ಕೂರುವಾಗ ಹೇಳಿದ: "ಆತು. ಆದ್ರ ನಿನ್ನ ಕುರಿ ಹತ್ತಿದ ದಿನ ನಮ್ಮವೂ ಹತ್ತತಾವ, ಈಗ ಹೇಳೀನಿ." ಗುಡ್ಡ ಉಳಿಯುವುದು ದೊಡ್ಡವ್ವನ ಮಾತಿನ ಮೇಲೆ ಎಂದು ಅವತ್ತೇ ಎಲ್ಲರಿಗೂ ಗೊತ್ತಾಯಿತು. ನನಗೂ.

ಶಾಲೆಯವರಿಗೆ ಬೀಜದುಂಡೆ ಮಾಡುವ ಕೆಲಸ ಬಂತು. ಕೆಮ್ಮಣ್ಣು, ಪುಡಿ ಮಾಡಿದ ಗೊಬ್ಬರ, ನಡುವೆ ಬೀಜ, ಲಾಡಿನ ಹಾಗೆ ಕಟ್ಟಿ ಒಣಗಿಸಿ, ಮೊದಲ ಮಳೆಗೆ ಗುಡ್ಡಕ್ಕೆ ಎಸೆಯುವುದು. ರಜೆಯಲ್ಲಿ ಬೀಜ ಕೂಡಿಸಲು ಮಾಸ್ತರು ಹೇಳಿದರು: ಬೇವು, ಹೊಂಗೆ, ಹುಣಸೆ, ಕಮರ, ಸೀತಾಫಲ.

"ಬಳ್ಳಾರಿ ಜಾಲಿದು ಒಂದು ಬೀಜ ಬಿದ್ರೂ ಗುಡ್ಡ ಹೋತು ಅಂತ ತಿಳ್ಕೊಳ್ರಿ."

ಬಳ್ಳಾರಿ ಜಾಲಿಯನ್ನು ನಮ್ಮ ಕಡೆ ಯಾರೂ ನೆಡುವುದಿಲ್ಲ, ಅದೇ ನಮ್ಮನ್ನು ನೆಟ್ಟಂತಿದೆ. ಅದರ ಬುಡದಲ್ಲಿ ಹುಲ್ಲು ಬರುವುದಿಲ್ಲ. ಮುಳ್ಳು ಕುರಿಯ ಗೊರಸಿಗೆ ಹೊಕ್ಕರೆ ಕುರಿ ಕುಂಟು, ಟೈರಿಗೆ ಹೊಕ್ಕರೆ ಪಂಕ್ಚರ್ ಅಂಗಡಿಯವನ ಮಗಳ ಮದುವೆ. ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ.

ನಾನು ಬೆಂಚಿನ ಮೇಲೆ ನಿಂತೆ. "ಸರ್, ನಾನೊಬ್ಬನ ಒಂದು ಟ್ರ್ಯಾಕ್ಟರ್ ಬೀಜ ತರ್ತೀನಿ."

"ಟ್ರ್ಯಾಕ್ಟರ್ ಬ್ಯಾಡಪಾ, ಒಂದು ಕೈಚೀಲ ತಾ, ನಿನ್ನ ಕಾಲು ಹಿಡಿತೀನಿ."

ಹೆಚ್ಚು ಉಂಡೆ ಮಾಡಿದವನಿಗೆ ಸಾಹೇಬರ ಮುಂದೆ ಮೊದಲ ಉಂಡೆ ಎಸೆಯುವ ಮರ್ಯಾದೆ, ಶಾಲೆಯ ಗೋಡೆಗೆ ಫೋಟೋ. ಫೋಟೋಕ್ಕೆ ಯಾವ ಕಡೆ ಮುಖ ತಿರುಗಿಸಬೇಕೆಂದು ನಾನು ಎರಡು ತಿಂಗಳು ಕನ್ನಡಿಯ ಮುಂದೆ ನಿರ್ಧರಿಸಿದೆ. ಉಳಿದ ಸಮಯ ಕ್ರಿಕೆಟ್ ಆಡಿದೆ. ಶಾಲೆ ಶುರುವಾಗಿ ಉಂಡೆ ತರುವ ದಿನ ಎದುರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಬೊಗಸೆ ಹೊಂಗೆ ಬೀಜ, ಅದೂ ತಂಗಿ ಕೂಡಿಸಿದ್ದು.

ಗೊಬ್ಬರ ಕೇಳಲು ದೊಡ್ಡವ್ವನ ರೊಪ್ಪಕ್ಕೆ ಹೋದೆ.

"ದೊಡ್ಡವ್ವಾ, ಕುರಿ ಹಿಕ್ಕಿ ಬೇಕಿತ್ತು. ಗುಡ್ಡಕ್ಕ."

"ಗುಡ್ಡಕ್ಕಂದ್ರ ತುಂಬ್ಕೊಳಲೇ. ನನ್ನ ಕುರಿ ಹತ್ತದಿದ್ರೂ ಅವುಗಳ ಹಿಕ್ಕಿನಾರ ಹತ್ತಲಿ."

ಹಿಕ್ಕೆ ಬಳಿಯುತ್ತಾ ಕಂಡದ್ದು ಅದರೊಳಗೆ ಮಿನುಗುವ ಬೀಜ. ಬೇಸಿಗೆಯಲ್ಲಿ ಕುರಿಗಳು ಜಾಲಿಕಾಯಿ ತಿಂದಿರುತ್ತವೆ, ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ. ಮೂಲೆಯಲ್ಲಿ ಅವಳು ಮೇವಿಗೆಂದು ಆರಿಸಿಟ್ಟಿದ್ದ ಜಾಲಿಕಾಯಿಯ ಚೀಲವೂ ಇತ್ತು. ಬೀಜ ಯಾವುದೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆದುಬಿಡಬಹುದು. ಗೊತ್ತಿತ್ತು. ಹಸಿರಾಗಬೇಕು ಅಂದರೆ ಇದೂ ಹಸಿರೇ ಅಲ್ಲವೇ ಎಂದುಕೊಂಡೆ. ಗುಡ್ಡದ ಬಂಡೆಯ ಮೇಲೆ ಯಾವ ಬೀಜ ತಾನೇ ಹುಟ್ಟುತ್ತದೆ ಎಂದೂ ಅಂದುಕೊಂಡೆ. ಒಂದು ಹೊತ್ತಿನಲ್ಲಿ ಇಷ್ಟೊಂದು ವಿಚಾರ ನಾನು ಪರೀಕ್ಷೆಯಲ್ಲೂ ಮಾಡಿಲ್ಲ.

ಚೀಲದಲ್ಲಿದ್ದ ಕಾಯಿ ಕುಟ್ಟಿದೆ. ಹಿಕ್ಕೆ ಪುಡಿ ಮಾಡಲು ಬೇಜಾರಾಗಿ ಇಡಿಯಾಗೇ ಹಾಕಿ ಮೇಲೆ ಕೆಸರು ಮೆತ್ತಿದೆ. ಕೊನೆಗೆ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡ ಕೆಲಸ: ಪ್ರತಿ ಉಂಡೆಯ ನೆತ್ತಿಗೆ ಹೊಂಗೆ ಬೀಜದ ಒಂದೊಂದು ಹೋಳು ಒತ್ತಿದೆ, ಲಾಡಿನ ಮೇಲೆ ಗೋಡಂಬಿ ಇಟ್ಟ ಹಾಗೆ. ಮಾಸ್ತರು ಬುಟ್ಟಿಗಳನ್ನು ನೋಡಿ ಕಣ್ಣು ಅಗಲಿಸಿದರು. "ಕಾಲು ಹಿಡಿಬೇಕೇನಲೇ ಈಗ?" ಎಂದರು. "ಇರ್ಲಿ ಬಿಡ್ರಿ ಸರ್," ಎಂದು ದೊಡ್ಡ ಮನಸ್ಸು ಮಾಡಿದೆ.

ಮೊದಲ ಮಳೆಯ ಮಾರನೇ ದಿನ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಗೆ ಉಂಡೆ ಇಟ್ಟು ತಿರುಗಿಸಿ ಬಿಟ್ಟೆ. ಅದು ಪಕ್ಕದ ತಾಲ್ಲೂಕಿನ ಚಿಗಟೇರಿಗೆ ಹೋಗಿ ಬಿತ್ತು ಎಂದು ಬಸ್ಸಿನಲ್ಲಿ ಹೇಳುತ್ತೇನೆ. ಒಡ್ಡಿನ ಆಚೆ ಬಿತ್ತು. ಸಾಹೇಬರು ಚಪ್ಪಾಳೆ ತಟ್ಟಿದರು. ಹೆಚ್ಚು ಉಂಡೆ ಮಾಡಿದವನೆಂದು ನನಗೆ ಕೊಟ್ಟದ್ದು ಇಳಿಜಾರಿನ ಕೆಳಭಾಗ, ಗುಡ್ಡದಲ್ಲೇ ಒಳ್ಳೆಯ ಮಣ್ಣಿದ್ದ ಜಾಗ. ಬುಟ್ಟಿ ಖಾಲಿಯಾಗುವವರೆಗೆ ಎಸೆದೆ.

ಮಳೆ ಚೆನ್ನಾಗಿ ಬಂತು. ಕಂದಕಗಳಲ್ಲಿ ನೀರು ನಿಂತಿತು, ನಿಂತ ನೀರನ್ನು ನೋಡಲೆಂದೇ ಊರಿನವರು ಸಂಜೆ ಹೋಗುತ್ತಿದ್ದರು. ಹುಲ್ಲು ಮೊಣಕಾಲಿಗೆ ಬಂತು. ಬೇರೆಯವರ ಉಂಡೆಗಳಲ್ಲಿ ಅಲ್ಲೊಂದು ಇಲ್ಲೊಂದು ಬೇವು ಕಣ್ಣು ಬಿಟ್ಟಿತ್ತು. ನನ್ನ ಜಾಗ ಮಾತ್ರ ತುಂಬಿಹೋಗಿತ್ತು. ಸಣ್ಣ ಸಣ್ಣ ಎಲೆಯ ಸಸಿಗಳನ್ನು ದೂರದಿಂದ ನೋಡಿ ಮಾಸ್ತರು ಹುಣಸೆ ಅಂದರು, ತರಗತಿಯಲ್ಲಿ ನನ್ನನ್ನು ನಿಲ್ಲಿಸಿ ಹೊಗಳಿದರು. ಕುರಿಯ ಹೊಟ್ಟೆಯಲ್ಲಿ ಹಾದು ಬಂದ ಜಾಲಿ ಬೀಜ ಎಲ್ಲಕ್ಕಿಂತ ಬೇಗ ಹುಟ್ಟುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಇದು ನಿಜವಾಗಿಯೂ ಗೊತ್ತಿರಲಿಲ್ಲ.

ಶ್ರಾವಣದಲ್ಲಿ ವಾಚರ್ ಒಂದು ಸಸಿ ಕಿತ್ತು ನೋಡಿದ. ಬೆರಳಿಗೆ ಮುಳ್ಳು ಚುಚ್ಚಿತು. ಬುಡದಲ್ಲಿ ಮಣ್ಣು ತೊಳೆದುಹೋಗಿ ಗುಂಡಗುಂಡಗೆ ಹಿಕ್ಕೆ ಉಳಿದಿತ್ತು. ನಮ್ಮ ಕಡೆ ಹುಲ್ಲಿನ ಜಾಗದಲ್ಲಿ ಜಾಲಿ ಹುಟ್ಟಿ ಬುಡದಲ್ಲಿ ಹಿಕ್ಕೆ ಸಿಕ್ಕರೆ ಅದಕ್ಕೆ ಒಂದೇ ಅರ್ಥ, ಎಳೆಯ ಮಕ್ಕಳಿಗೂ ಗೊತ್ತು: ಕುರಿ ಬಂದು ಮೇದು ಹೋಗಿವೆ. ಉಂಡೆಗೆ ಹಾಕಿದ್ದು ಪುಡಿ ಗೊಬ್ಬರ ಎಂದೇ ಎಲ್ಲರ ಲೆಕ್ಕ, ಹಾಗಾಗಿ ನನ್ನ ಉಂಡೆ ಯಾರಿಗೂ ನೆನಪಾಗಲಿಲ್ಲ. ಇಳಿಜಾರಿನ ಕೆಳಗೆ ಹತ್ತಿರದಲ್ಲೇ ಇರುವುದು ಒಂದೇ ರೊಪ್ಪ, ದೊಡ್ಡವ್ವನದು.

ಕಟ್ಟೆಯ ಮೇಲೆ ಮತ್ತೆ ಜನ ಸೇರಿದರು. ಶಾಲೆ ಬಿಟ್ಟವನು ನಾನು ಬ್ಯಾಗಿನ ಸಮೇತ ಅಲ್ಲೇ ನಿಂತಿದ್ದೆ. ವಾಚರ್ ಟವೆಲು ಬಿಚ್ಚಿ ಹಿಕ್ಕೆಯನ್ನೂ ಸಸಿಗಳನ್ನೂ ಹಾಸಿದ.

"ಯಕ್ಕಾ, ನೀನ ಮೊದಲು ಮಾತು ಕೊಟ್ಟಾಕಿ. ನಸುಕಿನ್ಯಾಗ ಬಿಟ್ಟಿಯೇನು? ಹೇಳಿಬಿಡು."

ದೊಡ್ಡವ್ವ ಬಗ್ಗಿ ಒಂದು ಹಿಕ್ಕೆ ಕೈಗೆತ್ತಿಕೊಂಡಳು. "ನನ್ನ ಕುರಿ ಹತ್ತಿಲ್ಲ."

"ಹಂಗಾರ ಹಿಕ್ಕಿ ಏನು ಹಾರಿ ಬಂತೇನು?" ಕಾಕಾ ಕೇಳಿದ. ಎಲ್ಲರೂ ನಕ್ಕರು.

ಹಾರಿಯೇ ಬಂದಿತ್ತು. ನನ್ನ ಕವಣೆಯಿಂದ.

ಆಗ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಒಂದೇ ಸಲ. ಚೀಲ ತುಂಬಿಕೊಂಡು ಹೋದವನು ಯಾರೆಂದು ಅವಳಿಗೆ ನೆನಪಾಯಿತು, ಅದು ನನಗೆ ಕಂಡಿತು. ಈಗ ಹೇಳುತ್ತಾಳೆ ಎಂದುಕೊಂಡೆ. ಅವಳು ಹಿಕ್ಕೆಯನ್ನು ಟವೆಲಿನ ಮೇಲೆ ವಾಪಸು ಇಟ್ಟಳು.

"ಹಿಕ್ಕಿ ನನ್ನ ಕುರಿದ. ಆದ್ರ ಕುರಿ ಹತ್ತಿಲ್ಲ. ಇದಕ್ಕಿಂತ ಹೆಚ್ಚು ನನಗ ಹೇಳಾಕ ಬರಂಗಿಲ್ಲ."

"ಇದೇನು ಮಾತಬೇ?" ವಾಚರನಿಗೆ ಸಿಟ್ಟು ಬಂತು. "ಸಾಹೇಬ್ರ ಮುಂದ ನಾ ಏನಂತ ಹೇಳ್ಲಿ?"

ಈ ವರ್ಷದ ಹುಲ್ಲಿನಲ್ಲಿ ಅವಳಿಗೆ ಪಾಲಿಲ್ಲ, ಹುಟ್ಟಿದ ಜಾಲಿಯನ್ನೆಲ್ಲ ಅವಳೇ ಕೀಳಬೇಕು ಎಂದು ತೀರ್ಮಾನವಾಯಿತು. ಯಾರೋ ಹಿಂದಿನಿಂದ, "ಭಾಷಣ ತಿಂದು ಹಸಿವು ಹೋಗಲಿಲ್ಲ ಕಾಣ್ತೈತಿ," ಅಂದರು. ಕಾಕಾ ಪಂಚೆ ಝಾಡಿಸಿ ಎದ್ದು, "ನಾ ಮೊದಲ ಹೇಳಿದ್ನಲ್ಲ," ಎಂದ. ದೊಡ್ಡವ್ವ ಸೆರಗು ಹೊದ್ದು ಮನೆಯ ಕಡೆ ನಡೆದಳು. ನನ್ನ ಪಕ್ಕದಲ್ಲೇ ಹಾದುಹೋದಳು. ಮೂರು ಹೆಜ್ಜೆ ದೂರ, ಅಷ್ಟೇ. ನಾನು ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ. ಅದು ಬಿಚ್ಚಿರಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೂ ಸಾಕಿತ್ತು. ಮರುದಿನವೇ ಕಾಕಾನ ಹಿಂಡು ಗುಡ್ಡ ಹತ್ತಿತು. ಅದರ ಹಿಂದೆ ಇನ್ನೊಂದು. ವಾಚರ್ ಅಡ್ಡ ನಿಂತರೆ, "ಅಕಿ ಕುರಿಗೆ ಬಾಯಿ ಐತಿ, ನಮ್ಮವಕ್ಕಿಲ್ಲೇನು?" ಅಂದರು. ನಾನು ದಿನಾ ಶಾಲೆಯ ಕಿಟಕಿಯಿಂದ ನೋಡುತ್ತಿದ್ದೆ. ಹಸಿರಿನ ಮೇಲಿನ ಅರ್ಧ ಮೊದಲು ತೆಳುವಾಯಿತು, ಆಮೇಲೆ ಕೆಂಪಾಯಿತು. ಕೆಳಗಿನ ಅರ್ಧದಲ್ಲಿ ಒಬ್ಬಳು ಹೆಂಗಸು ಊದಿದ ಕಾಲು ಮುಂದೆ ಚಾಚಿ ಕೂತು, ಕೂತಲ್ಲಿಂದಲೇ ಸರಿದು ಸರಿದು ಸಸಿ ಕೀಳುತ್ತಿದ್ದಳು. ಗೋಡೆಯ ಮೇಲೆ ನನ್ನ ಫೋಟೋ ಇತ್ತು, ಎಡಗಡೆಯಿಂದ ತೆಗೆದದ್ದು.

ಹನ್ನೊಂದು ದಿನ. ಬೇರೆ ಯಾವ ಲೆಕ್ಕವನ್ನು ಹಿಗ್ಗಿಸಿದರೂ ಇದನ್ನು ಹಿಗ್ಗಿಸಲಾರೆ, ಕಡಿಮೆ ಮಾಡಲೂ ಆಗುವುದಿಲ್ಲ. ಹನ್ನೆರಡನೆಯ ದಿನ ಶಾಲೆಗೆ ಹೋಗದೆ ಗುಡ್ಡಕ್ಕೆ ಹೋದೆ. ಅವಳ ಪಕ್ಕ ಕೂತು ಕೀಳತೊಡಗಿದೆ. ಸಸಿ ತುದಿಗೆ ಹರಿದು ಬಂತು.

"ಬೇರು ಬಿಟ್ಟ್ಯಲ್ಲಲೇ. ಮತ್ತ ಬರ್ತೈತಿ. ಬುಡಕ್ಕ ಕೈ ಹಾಕು."

"ದೊಡ್ಡವ್ವಾ, ಇದು ನಾ ಹಾಕಿದ್ದು."

"ಗೊತ್ತೈತಿ."

"ಮತ್ತ ಯಾಕ ಹೇಳಲಿಲ್ಲ ನೀನು?"

ಅವಳು ಕೀಳುವುದನ್ನು ನಿಲ್ಲಿಸಲಿಲ್ಲ. "ನಿಮ್ಮವ್ವ ದಿನಾ ಒಂದು ನೆಪ ಹಿಡಕೊಂಡು ಶಾಲಿಗೆ ಬರ್ತಾಳಲ್ಲ, ಯಾಕಂತಿ? ಗ್ವಾಡಿ ಮ್ಯಾಲಿನ ಫೋಟೋ ನೋಡಾಕ. ಅಕಿ ಮುಂದ ನಾ ಹೆಂಗ ಹೇಳ್ಲಿ? ನೀ ಹೇಳ್ತಿ ಅಂತ ಕಾದೆ. ಹೇಳಲಿಲ್ಲ." ಇನ್ನೊಂದು ಸಸಿಯನ್ನು ಬೇರು ಸಮೇತ ಕಿತ್ತು ಅಂದಳು, "ನನಗ ಹೇಳಿ ಏನು ಉಪಯೋಗಲೇ? ಕೇಳಬೇಕಾದವ್ರು ಕೆಳಗ ಅದಾರ."

ಕಟ್ಟೆಗೆ ಓಡಿದೆ. ಏದುಸಿರು ಬಿಡುತ್ತಾ ಎಲ್ಲ ಹೇಳಿದೆ: ಹಿಕ್ಕೆ, ಜಾಲಿಕಾಯಿ, ನೆತ್ತಿಗೆ ಒತ್ತಿದ ಹೊಂಗೆ ಬೀಜ. ಕಾಕಾ ಬಿದ್ದು ಬಿದ್ದು ನಕ್ಕ.

"ಮೊನ್ನೆ ಗುಡೇಕೋಟಿ ಕರಡಿ ಜೊತಿ ಬಂಡಿಗಲ್ಲಿನ ಮ್ಯಾಲ ಕುಂತು ಸೀತಾಫಲ ತಿಂದೆ ಅಂದಾವ ಇವನ ಅಲ್ಲೇನು? ದೊಡ್ಡವ್ವನ್ನ ಉಳಸಾಕ ಹೊಸಾ ಕತಿ ಕಟ್ಟ್ಯಾನ."

"ಕಾಕಾ, ಅದು ಸುಳ್ಳು. ಇದು ಖರೇ."

"ಕರಡಿ ಕತಿ ಹೇಳುವಾಗೂ ಹಿಂಗ ಅಂದಿದ್ದಿ, ಆಣಿ ಮಾಡಿ."

ಹೌದು, ಅಂದಿದ್ದೆ. ಅಳು ಬಂತು. ಅತ್ತರೆ ಅದನ್ನೂ ನಾಟಕವೆಂದು ನಕ್ಕರು. ನಗಿಸಬೇಕೆಂದು ಹೊರಟಾಗ ಇಷ್ಟು ನಕ್ಕವರಲ್ಲ. ಕೊನೆಗೆ ವಾಚರನ ಕೈ ಹಿಡಿದು ಎಳೆದೆ. "ಅಣ್ಣಾ, ನೀ ಒಬ್ಬಾತ ಬಾ. ಕುರಿ ಮೇದ್ರ ಹಿಕ್ಕಿ ಎಲ್ಲಾ ಕಡಿ ಚೆಲ್ಲಿರ್ತೈತಿ. ಅಲ್ಲಿ ಒಂದೊಂದು ಕಡಿ ಎಂಟೆಂಟು ಸಸಿ ಮುದ್ದಿಯಾಗಿ ಹುಟ್ಟ್ಯಾವ, ಮುದ್ದಿಗೊಂದು ಹೊಂಗಿ ಸಿಪ್ಪಿ ಐತಿ. ಅದನ್ನಷ್ಟ ನೋಡಿ ಹೇಳು."

ಅವನು ಬಂದ. ದೊಡ್ಡವ್ವ ಇನ್ನೂ ಕೀಳದೆ ಉಳಿದಿದ್ದ ಕಡೆ ಕಡ್ಡಿಯಿಂದ ಕೆದರಿದ. ಒಂದು ಮುದ್ದೆ ನೋಡಿದ, ಎರಡು ನೋಡಿದ, ಐದಾರು ನೋಡಿದ. ನನಗೆ ಒಂದು ಏಟು ಬೀಳುತ್ತದೆ ಎಂದುಕೊಂಡಿದ್ದೆ, ಬಿದ್ದಿದ್ದರೆ ಚೆನ್ನಾಗಿತ್ತು. ಅವನು ದೊಡ್ಡವ್ವನ ಮುಂದೆ ಹೋಗಿ ನಿಂತ.

"ಯಕ್ಕಾ, ನಂದು ತಪ್ಪಾತು."

"ಹೋಗ್ಲಿ ಬಿಡೋ. ಅವನ್ನ ಬೈಬ್ಯಾಡ, ಹುಡುಗ ಅದಾನ," ಅಂದಳು. ನಾನಾಗ ಅವಳಿಗಿಂತ ಒಂದು ಗೇಣು ಎತ್ತರ ಇದ್ದೆ.

ಅವತ್ತೇ ವಾಚರ್ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಹೇಳಿದ. ಮಾಸ್ತರು ಫೋಟೋ ತೆಗೆಸಿದರು. ಬೈಯಲಿಲ್ಲ, ಹುಣಸೆ ಎಂದಿದ್ದಕ್ಕೆ ಅವರಿಗೂ ನಾಚಿಕೆಯಾಗಿತ್ತೇನೋ. ಅವ್ವ ಎರಡು ದಿನ ನನ್ನ ಮುಂದೆ ತಟ್ಟೆ ಇಟ್ಟು ಹೋಗುತ್ತಿದ್ದಳು, ಬಡಿಸುತ್ತಿರಲಿಲ್ಲ. ಕಾಕಾ ಕುರಿ ಇಳಿಸಿದ, "ಆತ್ಬಿಡು" ಅಂದ, ಅಷ್ಟರಲ್ಲಿ ಅವುಗಳ ಹೊಟ್ಟೆ ತುಂಬಿತ್ತು. ದೊಡ್ಡವ್ವನಿಗೆ ಪಾಲು ವಾಪಸು ಕೊಟ್ಟರು. ನಾನು ಮಳೆಗಾಲ ಮುಗಿಯುವವರೆಗೆ ಪ್ರತಿ ಭಾನುವಾರ ಜಾಲಿ ಕಿತ್ತೆ. ಈಗಲೂ ಕೀಳುತ್ತೇನೆ, ಈಗಲೂ ಎಲ್ಲೋ ಒಂದು ಹುಟ್ಟುತ್ತದೆ.

ದೀಪಾವಳಿ ಆದ ಮೇಲೆ ಹುಲ್ಲು ಕೊಯ್ದರು. ಅರ್ಧ ಗುಡ್ಡದ ಹುಲ್ಲು, ಅದರಲ್ಲಿ ಅಷ್ಟೂ ಮನೆಗಳಿಗೆ ಪಾಲು. ದೊಡ್ಡವ್ವನ ಪಾಲು ಸಂಕ್ರಾಂತಿಗೆ ಮೊದಲೇ ತೀರಿಹೋಯಿತು.

ಅವಳು ಇಟ್ಟಿಗಿಗೆ ಹೊರಟ ದಿನ ಬೆಳಿಗ್ಗೆ ನಾನು ಗಂಟು ಹೊತ್ತುಕೊಂಡು ಡಾಂಬರು ರಸ್ತೆಯವರೆಗೆ ಹೋದೆ. ಮೊಣಕಾಲಿಗೆ ಹಳೆಯ ಸೀರೆಯ ಅಂಚು ಬಿಗಿದು ಕಟ್ಟಿಕೊಂಡಿದ್ದಳು. ಅವಳನ್ನು ನಗಿಸಬೇಕೆಂದು ಹಿಂದಿನ ದಿನವೇ ಒಂದು ಕತೆ ಹೊಂದಿಸಿಟ್ಟಿದ್ದೆ, ಒಳ್ಳೆಯ ಕತೆ.

"ದೊಡ್ಡವ್ವಾ, ಮೊನ್ನೆ ಸಂತಿಗೆ ಹೋಗೋ ಬಸ್ಸಿನ್ಯಾಗ ಏನಾತು ಗೊತ್ತೇನು?"

"ಇವತ್ತು ಬ್ಯಾಡಲೇ," ಅಂದಳು. "ನಗಾಕ ಉಸಿರು ಬೇಕು. ನಡಿಯಾಕೂ ಬೇಕು."

ನನ್ನ ಹೆಗಲಿನಿಂದ ಗಂಟು ಇಳಿಸಿಕೊಂಡಳು, ಕುರಿಗಳನ್ನು ಹೆಸರು ಹಿಡಿದು ಕರೆದು ರಸ್ತೆ ದಾಟಿಸಿದಳು. ಅಲ್ಲಿಂದ ಇಟ್ಟಿಗಿ ಇನ್ನೂ ನಾಲ್ಕು ದಿನದ ದಾರಿ.